ಎಲ್ಲಿ ಗಿಡ ನೆಡಬೇಕು, ಎಲ್ಲಿ ನೆಡಬಾರದು: ಬಯಲುಸೀಮೆಯ ಕಾಡನ್ನು ಮತ್ತೆ ಎಬ್ಬಿಸುವ ಕೆಲಸ

ಮಳೆಗಾಲ ಕಾಲಿಟ್ಟರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರು ಜಿಲ್ಲೆಗಳಲ್ಲೂ ಗಿಡ ನೆಡುವ ಸಡಗರ. ಗುಂಡಿ ತೋಡುತ್ತಾರೆ, ಸಸಿ ಇಡುತ್ತಾರೆ, ಫೋಟೋ ತೆಗೆಯುತ್ತಾರೆ. ಯುಗಾದಿ ಹೊತ್ತಿಗೆ ಹೋಗಿ ನೋಡಿದರೆ ಗುಂಡಿ ಇರುತ್ತದೆ, ಗಿಡ ಇರುವುದಿಲ್ಲ. ನೀರು ಸಾಲಲಿಲ್ಲ, ಮೇಕೆ ಮೇಯ್ದವು ಎಂಬ ಕಾರಣ ತಯಾರಿರುತ್ತದೆ. ಅದು ಸುಳ್ಳೇನಲ್ಲ. ಆದರೆ ಬಹಳಷ್ಟು ಕಡೆ ತಪ್ಪು ಆಗಿರುವುದು ಗುಂಡಿ ತೋಡುವುದಕ್ಕೂ ಮೊದಲೇ. ಆ ನೆಲಕ್ಕೆ ಸಸಿ ಬೇಕಿತ್ತೋ ಇಲ್ಲವೋ ಎಂದು ಯಾರೂ ನೋಡಿರುವುದಿಲ್ಲ.

ಉಷ್ಣವಲಯದ ಕಾಡು ಅಂದರೆ ಆಗುಂಬೆ, ಕೊಡಗು ಕಣ್ಣ ಮುಂದೆ ಬರುತ್ತವೆ. ದೇವರಾಯನದುರ್ಗದ ಕಾಡೂ, ಬುಕ್ಕಾಪಟ್ಟಣದ ಕುರುಚಲೂ, ನಂದಿಯ ಸುತ್ತಲ ಬಂಡೆ ಬೆಟ್ಟಗಳೂ ಉಷ್ಣವಲಯದ ಕಾಡೇ, ಒಣ ನಮೂನೆಯವು. ವರ್ಷಕ್ಕೆ ಹೆಚ್ಚುಕಡಿಮೆ 500ರಿಂದ 750 ಮಿಲಿಮೀಟರ್ ಮಳೆ. ಅದರಲ್ಲಿ ಜೋರು ಪಾಲು ಬೀಳುವುದು ಜೂನ್‌ನಲ್ಲಲ್ಲ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಇಲ್ಲಿಯ ತುಗ್ಗಲಿ, ದಿಂಡಿಗ, ಕಮರ, ಜಾಲಾರಿ, ಮುತ್ತುಗ, ಹುರಗಲು, ತೂಪ್ರ ಮರಗಳು ಬದುಕಿ ಉಳಿದಿರುವುದು ಬೇರಿನ ಬಲದಿಂದ. ಮೇಲಿನದನ್ನು ಕೊಡಲಿ ಕಡಿಯಲಿ, ಬೆಂಕಿ ಸುಡಲಿ, ಮೇಕೆ ಕಚ್ಚಲಿ, ಬೊಡ್ಡೆ ಮತ್ತೆ ಚಿಗುರುತ್ತದೆ. ಬೋಳು ಗುಡ್ಡ ಎಂದು ನಾವು ಕರೆಯುವ ಎಷ್ಟೋ ಕಡೆ ಕಾಡು ಮಂಡಿಯೆತ್ತರದಲ್ಲಿ ಬದುಕಿಯೇ ಇದೆ, ಮೇಲೇಳಲು ಬಿಟ್ಟಿಲ್ಲ ಅಷ್ಟೆ.

ಮೊದಲು ಎಣಿಸಿ

ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕ. ನಾಲ್ಕು ಗೂಟ, ನಲವತ್ತು ಮೀಟರ್ ಹಗ್ಗ ಇದ್ದರೆ ಸಾಕು. ಕಾಲುದಾರಿಯ ಪಕ್ಕದಲ್ಲೇ ಹಾಕಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ದನಕರು ಓಡಾಡಿ ಅಲ್ಲಿ ಎಲ್ಲಾ ಸವೆದಿರುತ್ತದೆ. ಇಳಿಜಾರಿಗೆ ಅಡ್ಡಲಾಗಿ ನಡೆಯುತ್ತಾ ಐವತ್ತು ಹೆಜ್ಜೆಗೊಂದರಂತೆ ಹಾಕಬೇಕು. ಹೆಕ್ಟೇರಿಗೆ ನಾಲ್ಕೈದು ಚೌಕವಾದರೂ ಬೇಕು. ಸರಿಯಾದ ಸಮಯ ಮೇ ಕೊನೆ, ಕೃತ್ತಿಕೆ ರೋಹಿಣಿ ಮಳೆ ನಾಲ್ಕು ಹನಿ ಬಿದ್ದ ಮೇಲೆ. ಆಗ ಬೊಡ್ಡೆಗಳು ತಳಿರು ತೋರಿಸುತ್ತವೆ. ಮಾರ್ಚಿಯಲ್ಲಿ ನೋಡಿದರೆ ಎಲ್ಲವೂ ಸತ್ತ ಕಡ್ಡಿಯೇ.

ಚೌಕದೊಳಗೆ ಮರದ ಜಾತಿಯ ಬೊಡ್ಡೆ, ಬೇರುಚಿಗುರು, ಗೇಣುದ್ದಕ್ಕಿಂತ ಮೇಲಿನ ಸಸಿ ಎಲ್ಲವನ್ನೂ ಎಣಿಸಿ. ಹೊರಗಿನಿಂದ ಬಂದು ಹಬ್ಬಿದ ಪೊದೆಗಿಡ ಲಂಟಾನದ ಮೆಳೆ ಇದ್ದರೆ ಕೈಯಲ್ಲಿ ಬಿಡಿಸಿ ಒಳಗೂ ನೋಡಿ, ಬೆಳಕಿಲ್ಲದೆ ಬಿಳುಚಿಕೊಂಡ ದಿಂಡಿಗವೋ ಕಕ್ಕೆಯೋ ಅಲ್ಲಿ ಕೂತಿರುತ್ತದೆ. ಚೌಕಕ್ಕೆ ಏಳೆಂಟು ಸಿಕ್ಕರೆ ಹೆಕ್ಟೇರಿಗೆ ಏಳೆಂಟು ನೂರಾಯಿತು. ಒಣ ಕಾಡಿಗೆ ಅಷ್ಟು ಸಾಕು, ಹೊರಗಿನಿಂದ ಒಂದು ಸಸಿಯೂ ಬೇಡ. ಇಂಥ ಕಡೆ ಜೆಸಿಬಿ ತಂದು ಸಾಲುಗುಂಡಿ ತೋಡಿದರೆ ಮೂವತ್ತು ವರ್ಷದ ಬೇರು ಕಿತ್ತು ಮೂರು ತಿಂಗಳ ಸಸಿ ಇಟ್ಟ ಹಾಗೆ.

ಬೊಡ್ಡೆಯನ್ನು ಮರ ಮಾಡುವ ಕೆಲಸ ಸಣ್ಣದು, ಆದರೆ ಕೈ ಪಳಗಿರಬೇಕು. ಪದೇ ಪದೇ ಕಡಿಸಿಕೊಂಡ ತುಗ್ಗಲಿ ಬೊಡ್ಡೆಗೆ ಹದಿನೈದು ಇಪ್ಪತ್ತು ಕವಲು ಇರುತ್ತವೆ, ಯಾವುದೂ ಮೇಲೇಳದೆ ಪೊರಕೆಯ ಹಾಗೆ. ಚಳಿಗಾಲ ಮುಗಿಯುವಾಗ ಎರಡು ಮೂರು ಕವಲು ಮಾತ್ರ ಉಳಿಸಿ ಮಿಕ್ಕವನ್ನು ಹರಿತ ಮಚ್ಚಿನಿಂದ ಓರೆಯಾಗಿ ಕಡಿಯಬೇಕು. ಉಳಿಸುವುದು ಯಾವುದನ್ನು? ದಪ್ಪನೆಯದನ್ನಲ್ಲ, ಮಣ್ಣಿನ ಮಟ್ಟದಿಂದ ಎದ್ದಿರುವುದನ್ನು. ಹಳೆಯ ಬೊಡ್ಡೆಯ ನೆತ್ತಿಯಲ್ಲಿ ಹುಟ್ಟಿದ ಕವಲು ಬೇಗ ಬೆಳೆದು ಕಣ್ಣಿಗೆ ಚಂದ ಕಾಣುತ್ತದೆ, ಒಳಗೆ ಬೊಡ್ಡೆ ಕೊಳೆತ ಮೇಲೆ ಗಾಳಿಗೆ ಸಿಗಿದು ಬೀಳುತ್ತದೆ. ಮಣ್ಣಿನಿಂದ ಎದ್ದದ್ದು ತನ್ನದೇ ಬೇರು ಬಿಡುತ್ತದೆ. ಕಡಿದ ಕವಲನ್ನೇ ಸುತ್ತ ಒಡ್ಡಿದರೆ ಮೇಕೆಗೆ ಒಂದು ವರ್ಷದ ತಡೆ. ಮುಂದಿನ ಚಳಿಗಾಲದಲ್ಲಿ ಹೊಸದಾಗಿ ಚಿಗುರಿದ ಕಡ್ಡಿಗಳನ್ನು ಇನ್ನೊಮ್ಮೆ ಸವರಬೇಕು. ಇದನ್ನು ಮರೆತರೆ ಮತ್ತೆ ಪೊರಕೆಯೇ.

ಮೇಯಿಸುವುದನ್ನು ಪೂರ್ತಿ ನಿಲ್ಲಿಸುತ್ತೇವೆ ಎಂದು ಹೊರಟವರು ಊರಿನವರ ಜೊತೆ ಜಗಳ ಕಟ್ಟಿಕೊಂಡು ಬೇಲಿ ಕಳೆದುಕೊಳ್ಳುತ್ತಾರೆ. ಗುಡ್ಡವನ್ನು ಮೂರು ಪಾಲು ಮಾಡಿ ಒಂದನ್ನು ಮೂರು ವರ್ಷ ಬಿಡಿಸಿಕೊಳ್ಳುವುದು, ಅದರೊಳಗಿನ ಹುಲ್ಲನ್ನು ಕೊಯ್ದು ಒಯ್ಯಲು ಕುರಿ, ಮೇಕೆಯವರಿಗೇ ಬಿಡುವುದು ನಡೆಯುವ ದಾರಿ. ಹುಲ್ಲು ಕೊಯ್ದಷ್ಟೂ ಬೇಸಿಗೆಯ ಬೆಂಕಿಗೆ ಮೇವು ಕಮ್ಮಿ. ಬೆಂಕಿರೇಖೆ, ಅಂದರೆ ಬೆಂಕಿ ದಾಟದಂತೆ ಹುಲ್ಲು ಸವರಿದ ಪಟ್ಟಿ, ನಾಲ್ಕೈದು ಮೀಟರ್ ಅಗಲ ಇರಬೇಕು, ಜನವರಿ ಮುಗಿಯುವುದರೊಳಗೆ ಸವರಿ ಆಗಿರಬೇಕು. ಶಿವರಾತ್ರಿ ಕಳೆದ ಮೇಲೆ ರೇಖೆ ಮಾಡಲು ಹೋದವರೇ ಬೆಂಕಿ ಹಚ್ಚಿಕೊಂಡ ಉದಾಹರಣೆಗಳಿಗೆ ಬರವಿಲ್ಲ.

ಲಂಟಾನ ಕೀಳುವ ವಿದ್ಯೆ

ಲಂಟಾನವನ್ನು ಮೇಲೆ ಕಡಿದರೆ ಇನ್ನೂ ಹೊದರಾಗುತ್ತದೆ, ಸುಟ್ಟರೆ ಮೊದಲ ಮಳೆಗೇ ಚಿಗುರುತ್ತದೆ, ಜೆಸಿಬಿಯಿಂದ ಕೆರೆದರೆ ಮೇಲ್ಮಣ್ಣಿನ ಜೊತೆಗೆ ಒಳ್ಳೆ ಜಾತಿಯ ಬೇರೂ ಹೋಗುತ್ತದೆ. ಸಂಶೋಧಕರು ತಿದ್ದಿ ತೋರಿಸಿದ ವಿಧಾನ ಸರಳ: ಮೆಳೆಯ ಬುಡದ ಮಣ್ಣು ಸರಿಸಿ, ತಾಯಿಬೇರನ್ನು ನೆಲಮಟ್ಟದಿಂದ ಎರಡು ಬೆರಳು, ಅಂದರೆ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ ಕತ್ತರಿಸಿ, ಇಡೀ ಮೆಳೆಯನ್ನು ಬುಡಮೇಲು ಮಾಡಿ ಒಣಗಲು ಬಿಡುವುದು. ಲಂಟಾನ ಚಿಗುರುವುದು ಬೇರು ಕಾಂಡ ಸೇರುವ ಆ ಗಂಟಿನಿಂದ. ಗಂಟು ಮಣ್ಣಿಗೆ ತಾಗದೆ ಬಿಸಿಲಿಗೆ ಬಿದ್ದರೆ ಸತ್ತಂತೆ. ಕತ್ತಿ ಒಂದಂಗುಲ ಮೇಲೆ ಬಿದ್ದರೆ ಮಾಡಿದ ಕೆಲಸ ದಂಡ.

ಕಾಯಿ ಹಣ್ಣಾಗುವ ಮೊದಲು ಇದು ಮುಗಿಯಬೇಕು. ಮುಗಿದರೂ ಮಣ್ಣಿನಲ್ಲಿ ಬೀಜ ಇದ್ದೇ ಇರುತ್ತದೆ, ಜೊತೆಗೆ ಪಿಕಳಾರ ಹಕ್ಕಿಗಳು ತಂದು ಉದುರಿಸುತ್ತಲೇ ಇರುತ್ತವೆ. ಆದ್ದರಿಂದ ಮುಂದಿನ ಎರಡು ಮೂರು ಮಳೆಗಾಲ ಎಳೆ ಸಸಿಗಳನ್ನು ಕೈಯಲ್ಲಿ ಕೀಳಬೇಕು. ಖಾಲಿಯಾದ ಜಾಗಕ್ಕೆ ತಕ್ಷಣ ಹುಲ್ಲು ಬರಬೇಕು, ಇಲ್ಲದಿದ್ದರೆ ಪಾರ್ಥೇನಿಯಂ ಬರುತ್ತದೆ. ಪಕ್ಕದ ಗುಡ್ಡದ ಕರಡ ಹುಲ್ಲನ್ನು ತೆನೆ ಸಮೇತ ಕೊಯ್ದು ತಂದು ತೆಳ್ಳಗೆ ಹರಡಿದರೆ ಬೀಜವೂ ಆಯಿತು, ಹೊದಿಕೆಯೂ ಆಯಿತು. ಹಣ ಮಂಜೂರಾಗುವುದು ಸಾಮಾನ್ಯವಾಗಿ ಮೊದಲ ವರ್ಷದ ಕಟಾವಿಗೆ ಮಾತ್ರ. ಮೂರನೆಯ ವರ್ಷ ಅದೇ ಜಾಗದಲ್ಲಿ ಲಂಟಾನ ನೋಡಿ ಜನ ವಿಧಾನವನ್ನು ಬೈಯುತ್ತಾರೆ.

ಹಾಗೆಂದು ಒಂದೇ ಏಟಿಗೆ ಇಡೀ ಬೆಟ್ಟ ಬೋಳಿಸಲೂಬಾರದು. ಇದಕ್ಕೆ ಕಾರಣ ಒಂದು ಹಕ್ಕಿ. ಹಳದಿ ಕತ್ತಿನ ಪಿಕಳಾರ ದಕ್ಷಿಣ ಭಾರತದ ಬಂಡೆ ಬೆಟ್ಟಗಳಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೀಡಾದ ಹಕ್ಕಿ ಅದು. ನಂದಿಬೆಟ್ಟ, ದೇವರಾಯನದುರ್ಗ ಎರಡೂ ಅದರ ನೆಲೆ. ಅದಕ್ಕೆ ಬೇಕಿರುವುದು ದೊಡ್ಡ ಬಂಡೆಗಳ ನಡುವೆ ದಟ್ಟ ಪೊದೆ, ಬಂಡೆಸಂದಿಯ ಅತ್ತಿ ಜಾತಿಯ ಮರ, ತಿನ್ನಲು ಹಣ್ಣು. ಸ್ಥಳೀಯ ಪೊದೆ ಹೋದ ಕಡೆ ಅದು ಲಂಟಾನದ ಹಣ್ಣನ್ನೂ ತಿಂದುಕೊಂಡಿದೆ. ಕವಳೆ, ಬೋರೆ ಹಣ್ಣು ಬಿಡುವ ಹೊತ್ತಿಗೆ ಮುಂಚೆಯೇ ಲಂಟಾನ ಎಲ್ಲಾ ತೆಗೆದರೆ ಹಕ್ಕಿಗೆ ಊಟವೂ ಇಲ್ಲ, ಮರೆಯೂ ಇಲ್ಲ. ಅರ್ಧ ಎಕರೆ, ಒಂದೆಕರೆಯ ತುಂಡುಗಳಾಗಿ, ನಡುವೆ ಅಷ್ಟಷ್ಟು ಬಿಟ್ಟು, ಮೂರು ನಾಲ್ಕು ವರ್ಷಕ್ಕೆ ಹರಡಿ ತೆಗೆಯುವುದು ಸರಿ.

ಸಸಿ ಬೇಡವೇ ಬೇಡ ಎನ್ನುವ ಜಾಗಗಳು

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಣೆಯಾಯಿತು. ವಿಸ್ತಾರ ಸುಮಾರು 800 ಎಕರೆ. ಹುಲ್ಲಿನ ನಡುವೆ ಅಲ್ಲಲ್ಲಿ ನೀಲಗಿರಿ ತೋಪುಗಳೂ ಇವೆ, ಬಯಲು ಕಂಡರೆ ಮರ ನೆಡಬೇಕು ಎಂಬ ಕಾಲದ ಗುರುತು. ಕೃಷ್ಣಮೃಗ ಅವಿತುಕೊಂಡು ಬದುಕುವ ಪ್ರಾಣಿಯಲ್ಲ. ದೂರದಿಂದಲೇ ಶತ್ರುವನ್ನು ಕಂಡು ಓಡಿ ಬದುಕುತ್ತದೆ. ಗಿಡ ಒತ್ತಾದರೆ ನೋಟ ಮುಚ್ಚುತ್ತದೆ, ನೆರಳಿಗೆ ಹುಲ್ಲು ಸಾಯುತ್ತದೆ. ತೋಳಕ್ಕೂ, ಚಳಿಗಾಲಕ್ಕೆ ಬರುವ ಬಯಲು ಗಿಡುಗಗಳಿಗೂ ಇದೇ ಮಾತು. ಇಲ್ಲಿ ಕಾಡು ಎಬ್ಬಿಸುವುದೆಂದರೆ ನೀಲಗಿರಿಯನ್ನೂ ನುಗ್ಗುತ್ತಿರುವ ಬಳ್ಳಾರಿ ಜಾಲಿಯನ್ನೂ ತೆಗೆಯುವುದೇ. ಗೋಮಾಳ, ಅಮೃತಮಹಲ್ ಕಾವಲುಗಳ ವಿಚಾರದಲ್ಲೂ ಮೊದಲು ಕೇಳಬೇಕಾದ್ದು ಇದು ಹಿಂದೆ ಕಾಡಿತ್ತೋ, ಎಂದಿನಿಂದಲೂ ಹುಲ್ಲೋ ಎಂದು. ಬೊಡ್ಡೆಯೇ ಸಿಗದೆ ಬಗೆಬಗೆಯ ಹುಲ್ಲು ದಟ್ಟವಾಗಿದ್ದರೆ ಅದು ಹುಲ್ಲುಗಾವಲು, ಪಾಳು ನೆಲವಲ್ಲ.

ಕೋಲಾರದ ಇನ್ನೊಂದು ಜಾಗದಲ್ಲಿ ಸಸಿಯ ಮಾತೇ ಅಪ್ರಸ್ತುತ. 1994ರಲ್ಲಿ ವಿಜ್ಞಾನಿಗಳು ಹೊಸ ಜಾತಿ ಎಂದು ವಿವರಿಸಿದ ಕೋಲಾರದ ಎಲೆಮೂಗಿನ ಬಾವಲಿ ಇಡೀ ಜಗತ್ತಿನಲ್ಲಿ ಈ ಜಿಲ್ಲೆಯಲ್ಲಿ ಮಾತ್ರ ಸಿಕ್ಕಿರುವ ಪ್ರಾಣಿ. ತೇರಹಳ್ಳಿಯಲ್ಲಿ ಇದ್ದದ್ದು ಈಗ ಕಾಣುವುದಿಲ್ಲ. ಉಳಿದಿರುವುದು ಹನುಮನಹಳ್ಳಿಯ ಗುಹೆಯಲ್ಲಿ. ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಕಟ್ಟಕಡೆಯ ದರ್ಜೆ. ಕಾಡಿಗಿಂತ ಮೊದಲು ಅದಕ್ಕೆ ಬೇಕಿರುವುದು ಕಲ್ಲು, ಸಿಡಿಸದೆ ಬಿಟ್ಟ ಕಲ್ಲು. ಗ್ರಾನೈಟ್‌ಗಾಗಿ ಮದ್ದು ಹೊಡೆದಾಗ ಬಂಡೆ ಬಿರುಕು ಬಿಟ್ಟು ಒಳಗಿನ ತೇವ, ತಂಪು ಕೆಡುತ್ತದೆ. ಈ ಜಾತಿಯ ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುವಂಥವು, ಒಂದು ವರ್ಷ ಮರಿ ಕಳೆದುಕೊಂಡರೆ ತುಂಬಿಕೊಳ್ಳಲು ಬಹಳ ಕಾಲ ಬೇಕು. ಗುಹೆ ಬಾಯಿಗೆ ಒತ್ತೊತ್ತಾಗಿ ಕಬ್ಬಿಣದ ಗೇಟು ಬಿಗಿದರೆ ಹಾರುವ ದಾರಿ ಕಟ್ಟುತ್ತದೆ, ದೂರದಲ್ಲಿ ಬೇಲಿ ಹಾಕುವುದೇ ಲೇಸು. ಒಳಗೆ ಬೆಂಕಿ, ಹೊಗೆ, ಟಾರ್ಚು ಬೇಡ. ಸುತ್ತಲ ಕುರುಚಲಿನಲ್ಲಿ ಹುಳ ಹಿಡಿದು ತಿನ್ನುವುದರಿಂದ ಆ ಕುರುಚಲನ್ನು ಇದ್ದ ಹಾಗೆಯೇ ಉಳಿಸಿಕೊಳ್ಳಬೇಕು. ಎಣಿಸುವುದೂ ಹೊರಗಿನಿಂದಲೇ, ಸಂಜೆ ಹೊರಬೀಳುವ ಹೊತ್ತಿನಲ್ಲಿ. ಬೇರೆ ಎಲೆಮೂಗಿನ ಬಾವಲಿಗಳೂ ಜೊತೆಗಿರುತ್ತವೆ, ಕಿವಿಗೆ ಕೇಳದ ಅವುಗಳ ಕೂಗನ್ನು ಹಿಡಿಯುವ ಯಂತ್ರವಿಲ್ಲದೆ ಯಾವುದು ಯಾವುದು ಎಂದು ಹೇಳಲಾಗದು.

ನೆಡಲೇಬೇಕಾದಾಗ

ಹಳೆಯ ನೀಲಗಿರಿ ತೋಪು, ಕ್ವಾರಿಯ ಮಣ್ಣುಗುಡ್ಡೆ, ಚೌಕಕ್ಕೆ ಒಂದೆರಡು ಬೊಡ್ಡೆಯೂ ಸಿಗದ ಇಳಿಜಾರು, ಇಲ್ಲಿ ನೆಡಬೇಕು. ನೀಲಗಿರಿಯ ಕಥೆಯೂ ನಮ್ಮ ಸೀಮೆಯದೇ. 1790ರ ಸುಮಾರಿಗೆ ಟಿಪ್ಪು ನಂದಿಬೆಟ್ಟದ ತೋಟಕ್ಕೆ ಅದರ ಬೀಜ ತರಿಸಿದನೆಂದು ಹೇಳುತ್ತಾರೆ. ಮುಂದೆ ದೇಶದ ತುಂಬ ಹಬ್ಬಿದ ‘ಮೈಸೂರು ಗಮ್’ ತಳಿಯ ಮೂಲ ಆ ಮರಗಳೇ. ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ. ಕಡಿದರೂ ಬೊಡ್ಡೆ ಚಿಗುರುತ್ತದೆ. ನೆಲಮಟ್ಟಕ್ಕೆ ಕೊಯ್ದು, ಬೇರಿನ ತಲೆಯವರೆಗೂ ತೊಗಟೆ ಸುಲಿದು, ಬಂದ ಚಿಗುರನ್ನು ಗೇಣುದ್ದ ಆಗುವ ಮೊದಲೇ ಮುರಿಯುತ್ತಿದ್ದರೆ ಎರಡು ವರ್ಷದಲ್ಲಿ ಸೋಲುತ್ತದೆ. ಬೊಡ್ಡೆಯನ್ನು ಕಿತ್ತುಹಾಕುವುದಕ್ಕಿಂತ ಇದು ವಾಸಿ, ಇಳಿಜಾರಿನಲ್ಲಿ ಮಣ್ಣು ಉಳಿಯುತ್ತದೆ.

ಸಸಿ ಯಾವುದು ಎನ್ನುವುದಕ್ಕಿಂತ ಬೀಜ ಎಂಥದ್ದು ಎಂಬುದನ್ನು ಮೊದಲು ತಿಳಿಯಬೇಕು. ಒಣಗಿಸಿ ಡಬ್ಬಿಯಲ್ಲಿಟ್ಟರೆ ವರ್ಷಗಟ್ಟಲೆ ಕಾಯುವ ಬೀಜಗಳಿವೆ: ಕಕ್ಕೆ, ಕರಿಜಾಲಿ, ತುಗ್ಗಲಿ. ಇವುಗಳಲ್ಲಿ ಕಕ್ಕೆ, ಜಾಲಿಯಂಥ ಗಟ್ಟಿ ಸಿಪ್ಪೆಯವಕ್ಕೆ ಬೀಜದ ಐದು ಪಟ್ಟು ನೀರು ಕುದಿಸಿ, ಒಲೆಯಿಂದ ಇಳಿಸಿ, ಬೀಜ ಸುರಿದು ರಾತ್ರಿಯಿಡೀ ಆರಲು ಬಿಡಬೇಕು. ಒಲೆಯ ಮೇಲೇ ಬಿಟ್ಟರೆ ಅದು ಗುಗ್ಗರಿ. ಕರಿಜಾಲಿಗೆ ಇದೂ ಬೇಡ, ಮೇಕೆ ರೊಪ್ಪದಲ್ಲಿ ಬಿದ್ದಿರುವ ಬೀಜ ಆರಿಸಿ ತಂದರೆ ಹೊಟ್ಟೆಯಲ್ಲೇ ಸಂಸ್ಕಾರ ಆಗಿರುತ್ತದೆ. ಬೇವು, ಹಿಪ್ಪೆ ಬೀಜ ಕೆಲವು ವಾರಗಳಲ್ಲೇ ಸತ್ವ ಕಳೆದುಕೊಳ್ಳುತ್ತವೆ.

ಎಲ್ಲಕ್ಕಿಂತ ಅವಸರದ್ದು ಜಾಲಾರಿ. ಹಿಂದೆ ಅರಗಿನ ಹುಳ ಸಾಕಲು ಬಳಸುತ್ತಿದ್ದ ಈ ಮರ ಇಂದು ಅಪಾಯಕ್ಕೀಡಾದ ಜಾತಿಗಳ ಪಟ್ಟಿಯಲ್ಲಿದೆ. ಮೇ, ಜೂನ್‌ನಲ್ಲಿ ರೆಕ್ಕೆಯ ಕಾಯಿ ಬಲಿತು ಮೊದಲ ಮಳೆಯ ಜೊತೆಗೇ ಗಿರಗಿರ ತಿರುಗಿ ಬೀಳುತ್ತದೆ. ಒಣಗಿಸಿದರೆ ಬೀಜ ಸಾಯುತ್ತದೆ, ಹಾಗೇ ಇಟ್ಟರೂ ಹತ್ತು ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲದು. ಮರದಡಿ ದಿನ ಬಿಟ್ಟು ದಿನ ಹೋಗಿ, ಭಾರವಾಗಿ ತೂತಿಲ್ಲದಿರುವುದನ್ನು ಆರಿಸಿ, ಒದ್ದೆ ಗೋಣಿಯಲ್ಲಿ ತಂದು, ರೆಕ್ಕೆ ಮುರಿದು ಅದೇ ವಾರ ಬಿತ್ತಬೇಕು. ನರ್ಸರಿಗಳು ಬಿತ್ತನೆಯನ್ನು ಜನವರಿಗೆ ಯೋಜಿಸುವುದರಿಂದ ಅಲ್ಲಿ ಜಾಲಾರಿ ಸಿಗುವುದೇ ಇಲ್ಲ. ಮರ ಅಪರೂಪವಾಗಲು ಕೊಡಲಿಯಷ್ಟೇ ಈ ಪಂಚಾಂಗವೂ ಕಾರಣ.

ಕಮರದ ಪಾಡು ಬೇರೆ. ಬುಕ್ಕಾಪಟ್ಟಣದ ಕಡೆಯ ಈ ಮರ ಮೊಳೆತ ಕೂಡಲೇ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ, ಮೇಲೆ ಮಾತ್ರ ನಿಧಾನ. ಪಾಲಿಥೀನ್ ಚೀಲದಲ್ಲಿ ಬೆಳೆಸಿದರೆ ಬೇರು ತಳಕ್ಕೆ ಬಡಿದು ಸುರುಳಿಯಾಗುತ್ತದೆ, ನೆಟ್ಟ ಮೇಲೂ ಬಿಚ್ಚಿಕೊಳ್ಳುವುದಿಲ್ಲ. ಸ್ಥಳದಲ್ಲೇ ಬಿತ್ತುವುದು ಒಳ್ಳೆಯದು. ಬೀಜ ಪ್ರತಿ ವರ್ಷ ಹೇರಳವಾಗಿ ಸಿಗುವುದಿಲ್ಲ, ಸಿಕ್ಕ ವರ್ಷ ಬಿಡಬಾರದು.

ಶ್ರೀಗಂಧ ಅರೆ ಪರಾವಲಂಬಿ, ಪಕ್ಕದ ಗಿಡದ ಬೇರಿಗೆ ಬೇರು ಚುಚ್ಚಿ ಹೀರುತ್ತದೆ. ಬೀಜವನ್ನು ಲೀಟರಿಗೆ ಅರ್ಧ ಗ್ರಾಂ ಜಿಬ್ಬೆರೆಲಿಕ್ ಆಮ್ಲದ ದ್ರಾವಣದಲ್ಲಿ ಒಂದು ರಾತ್ರಿ ನೆನೆಸಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ಚೀಲದಲ್ಲಿ ಜೊತೆಗೆ ತೊಗರಿಯನ್ನೋ ಹೊನಗೊನೆಯನ್ನೋ ಇಟ್ಟು, ಅದು ಗಂಧದ ತಲೆ ಮುಚ್ಚದಂತೆ ಚಿವುಟುತ್ತಿರಬೇಕು. ಬಯಲಲ್ಲಿ ಒಂಟಿಯಾಗಿ ನೆಟ್ಟ ಗಂಧ ಹಳದಿ ತಿರುಗಿ ನಿಲ್ಲುತ್ತದೆ. ಪೊದೆಯ ಮಗ್ಗುಲಿಗೆ ನೆಡಿ.

ಪೊದೆಯ ಮಗ್ಗುಲು ಗಂಧಕ್ಕೆ ಮಾತ್ರವಲ್ಲ, ಎಲ್ಲಕ್ಕೂ ಒಳ್ಳೆಯದು. ಮುಳ್ಳಿನ ಕವಳೆ, ಬಂದರಿಕೆ ಪೊದೆಯ ಬುಡದಲ್ಲಿ ಎಲೆಗೊಬ್ಬರ ಇರುತ್ತದೆ, ಮಣ್ಣು ಸಡಿಲ, ಮಧ್ಯಾಹ್ನದ ಬಿಸಿಲು ನೇರ ಬೀಳದು, ಮೇಕೆ ಮೂತಿ ಹಾಕದು. ಪೊದೆಯ ಪೂರ್ವಕ್ಕೋ ಉತ್ತರಕ್ಕೋ ಗುದ್ದಲಿಯಿಂದ ಗಾಯ ಮಾಡಿ, ಎರಡು ಮೂರು ಬೀಜ ಬೆರಳ ಗೆಣ್ಣಿನಷ್ಟು ಆಳಕ್ಕೆ ಹಾಕಿ ಮಣ್ಣು ತುಳಿದರೆ ಮುಗಿಯಿತು. ಜೇಡಿಮಣ್ಣಿನಲ್ಲಿ ಬೀಜ ಕಟ್ಟಿದ ಬೀಜದುಂಡೆ ಎಸೆಯುವ ಜಾತ್ರೆಗಿಂತ ಇದು ಎಷ್ಟೋ ಮೇಲು. ಉಂಡೆ ಗಟ್ಟಿ ನೆಲದ ಮೇಲೆ ಬೀಳುತ್ತದೆ, ಒಂದು ಸೋನೆಗೆ ಮೊಳಕೆ ಒಡೆಯುತ್ತದೆ, ಬೇರು ನೆಲ ಕಚ್ಚುವ ಮೊದಲೇ ಬಿಸಿಲಿಗೆ ಜೇಡಿ ಇಟ್ಟಿಗೆಯಾಗುತ್ತದೆ. ಉಳಿದದ್ದು ಇರುವೆಗೆ, ಇಲಿಗೆ.

ಚೀಲದ ಸಸಿಯೇ ಆಗಬೇಕಾದರೆ ಗುಂಡಿಯನ್ನು ಮಾರ್ಚ್, ಏಪ್ರಿಲ್‌ನಲ್ಲೇ ಒಂದೂವರೆ ಅಡಿ ಉದ್ದ, ಅಗಲ, ಆಳಕ್ಕೆ ತೋಡಿ, ಮೇಲ್ಮಣ್ಣು ಒಂದು ಕಡೆ, ಕೆಳಮಣ್ಣು ಒಂದು ಕಡೆ ಹಾಕಿ ಬಿಸಿಲಿಗೆ ಬಿಡಿ. ತುಂಬುವಾಗ ಮೇಲ್ಮಣ್ಣು ಕೆಳಗೆ ಹೋಗಲಿ. ಗೊಬ್ಬರ ಪೂರ್ತಿ ಕಳಿತದ್ದೇ ಆಗಬೇಕು, ಹಸಿ ಗೊಬ್ಬರ ಹಾಕಿದರೆ ಗೆದ್ದಲನ್ನು ಕರೆದು ಊಟಕ್ಕೆ ಕೂರಿಸಿದಂತೆ. ನೂರು ಗ್ರಾಂ ಬೇವಿನ ಹಿಂಡಿ ಬೆರೆಸಿ. ನರ್ಸರಿಯಲ್ಲಿ ಚೀಲವನ್ನು ತಿಂಗಳಿಗೊಮ್ಮೆ ಎತ್ತಿಟ್ಟು ನೆಲಕ್ಕಿಳಿದ ಬೇರು ಕತ್ತರಿಸಿರಬೇಕು, ಕೊನೆಯ ತಿಂಗಳು ನೆರಳು ತೆಗೆದು ನೀರು ಕಮ್ಮಿ ಮಾಡಿರಬೇಕು. ನೆಡುವಾಗ ಚೀಲ ಹರಿದು ತೆಗೆಯಿರಿ, ತಳದ ಒಂದಂಗುಲ ಸುರುಳಿ ಬೇರು ಕೊಯ್ಯಿರಿ. ಕೂಲಿ ಲೆಕ್ಕ ಗಿಡಕ್ಕಿಷ್ಟು ಎಂದು ಇದ್ದ ಕಡೆ ಚೀಲ ಸಮೇತ ಹೂತಿರುವುದನ್ನು ಅಗೆದು ನೋಡಿದರೆ ಕಾಣಬಹುದು.

ಯಾವಾಗ ನೆಡುವುದು? ಜೂನ್ 5ರ ಪರಿಸರ ದಿನಕ್ಕಂತೂ ಅಲ್ಲ. ಆ ಮಳೆಯನ್ನು ನಂಬಿ ನೆಟ್ಟರೆ ಜುಲೈನ ಒಣಗಾಳಿ ಒಂದೇ ವಾರದಲ್ಲಿ ಸುಡುತ್ತದೆ. ಗುಂಡಿಯ ಮಣ್ಣು ಒಂದು ಗೇಣು ಆಳಕ್ಕೆ ಹದವಾಗಿ ನೆನೆದ ಮೇಲೆ, ಸಾಮಾನ್ಯವಾಗಿ ಆಗಸ್ಟ್ ಕೊನೆ, ಸೆಪ್ಟೆಂಬರ್ ಮೊದಲಿನ ಮಖೆ, ಹುಬ್ಬೆ ಮಳೆಯ ಹೊತ್ತಿಗೆ ನೆಟ್ಟರೆ ಮುಂದೆ ಉತ್ತರೆ, ಚಿತ್ತೆ ಕೈ ಹಿಡಿಯುತ್ತವೆ. ಇಳಿಜಾರಿನ ಕೆಳಬದಿಗೆ ಅರ್ಧಚಂದ್ರದ ಕಟ್ಟೆ, ಬುಡಕ್ಕೆ ಒಣಹುಲ್ಲು.

ಕೊಂಬೆಗೆ ಕೊಂಬೆ

ತುಮಕೂರಿನ ನಾಗವಲ್ಲಿ, ದೇವರಾಯನದುರ್ಗದ ಆಸುಪಾಸಿನಲ್ಲಿ ಕಾಡುಪಾಪ ಇದೆ. ರಾತ್ರಿ ಹುಳ ಹಿಡಿದು, ಮರದ ಅಂಟು ನೆಕ್ಕಿ ಬದುಕುವ ಬಡಕಲು ಪ್ರಾಣಿ. ಅದು ಕೋತಿಯ ಹಾಗೆ ನೆಗೆಯಲಾರದು, ಕೊಂಬೆಯಿಂದ ಕೊಂಬೆಗೆ ಕೈ ಚಾಚಿಯೇ ಹೋಗಬೇಕು. ಹತ್ತಡಿಯ ರಸ್ತೆ ಅದಕ್ಕೆ ಹೊಳೆ ಇದ್ದಂತೆ. ಹಾಗಾಗಿ ಇಲ್ಲಿ ಲೆಕ್ಕಕ್ಕೆ ಬರುವುದು ಹೆಕ್ಟೇರಿನಲ್ಲಿ ಎಷ್ಟು ಗಿಡ ಎನ್ನುವುದಲ್ಲ, ಗುಂಡುತೋಪಿನಿಂದ ಹೊಲದ ಬೇಲಿ ಹಿಡಿದು ಕಾಡಂಚಿಗೆ ಕೊಂಬೆ ತಾಗಿಕೊಂಡಿದೆಯೇ ಎನ್ನುವುದು. ಬದುವಿನ ಜೀವಂತ ಬೇಲಿ ಕಿತ್ತು ತಂತಿ ಬೇಲಿ ಹಾಕಿದಾಗ ಕಡಿದುಹೋಗುವುದು ಈ ದಾರಿಯೇ. ಹುಣಸೆ, ಹೊಂಗೆ, ಜಾಲಿಯನ್ನು ಬದುವಿನಲ್ಲಿ ಹತ್ತಿರ ಹತ್ತಿರ ಬೆಳೆಸಿ, ರಸ್ತೆ ದಾಟುವ ಕಡೆ ಎರಡೂ ಬದಿಯ ಮರ ಸವರದೆ ಬಿಟ್ಟರೆ ಹತ್ತೆಕರೆ ಹೊಸ ನೆಡುತೋಪಿಗಿಂತ ಹೆಚ್ಚು ಉಪಯೋಗ. ಎಣಿಸಲು ಕತ್ತಲಾದ ಮೇಲೆ ನಿಧಾನ ನಡೆಯುತ್ತಾ, ಕೆಂಪು ಕಾಗದ ಕಟ್ಟಿದ ತಲೆದೀಪದಲ್ಲಿ ಹೊಳೆಯುವ ಜೋಡಿ ಕಣ್ಣು ನೋಡಬೇಕು. ಬಿಳಿ ಬೆಳಕು ಅದರ ಕಣ್ಣಿಗೆ ಹಿಂಸೆ.

ಬದುಕಿದ ಗಿಡದ ಲೆಕ್ಕವನ್ನು ಡಿಸೆಂಬರಿನಲ್ಲಿ ಬರೆದರೆ ಅದು ಮಳೆಯ ಲೆಕ್ಕ. ಮೇ ಕೊನೆಯಲ್ಲಿ ಎಣಿಸಬೇಕು, ಮೂರು ಬೇಸಿಗೆ ಸತತ. ಮೊದಲು ಹಾಕಿದ ಗೂಟಗಳಿಗೇ ಮತ್ತೆ ಹಗ್ಗ ಕಟ್ಟಿ, ಅದೇ ಚೌಕ. ಒಣಗಿದಂತೆ ಕಂಡ ಸಸಿಯ ಬುಡವನ್ನು ಉಗುರಿನಿಂದ ಕೆರೆದು ನೋಡಿ, ಹಸಿರಿದ್ದರೆ ಬದುಕಿದೆ, ಮಳೆಗೆ ಬರುತ್ತದೆ. ನೀವು ನೆಡದ ಜಾತಿಗಳನ್ನು ಬೇರೆ ಪಟ್ಟಿಯಲ್ಲಿ ಬರೆದುಕೊಳ್ಳಿ. ಅವು ಹೆಚ್ಚಾಗಿ ಸಿಗುವುದು ಹಕ್ಕಿ ಕೂರುವ ಒಂಟಿ ಮರದ ಬುಡದಲ್ಲಿ, ಬಂಡೆಯ ನೆರಳಲ್ಲಿ: ಗಂಧ, ಬೇವು, ಕವಳೆ, ಅತ್ತಿ. ಆ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದ್ದರೆ ಆ ತುಂಡಿನಲ್ಲಿ ಇನ್ನು ಗುದ್ದಲಿಗೆ ಕೆಲಸವಿಲ್ಲ, ಬೆಂಕಿರೇಖೆ ಸವರಿಕೊಂಡು ಪಕ್ಕದ ತುಂಡಿಗೆ ಹಗ್ಗ, ಗೂಟ ಒಯ್ಯಬಹುದು.